ಎಕ್ಸ್‌ರೇ ವಕೀಲರು ಹೊರಗೆ ನಿಂತದ್ದು

ಆಸ್ಪತ್ರೆಯವರು ಅವರಿಗೆ ಇಟ್ಟ ಹೆಸರು ಎಕ್ಸ್‌ರೇ ವಕೀಲರು ಅಂತ. ಎದುರಿಗೆ ಹಾಗೆ ಕರೆಯೋ ಧೈರ್ಯ ಯಾರಪ್ಪನಿಗೂ ಇರಲಿಲ್ಲ ಬಿಡಿ. ಎದುರಿಗೆ ಸಿಕ್ಕರೆ "ನಮಸ್ಕಾರ ಸರ್", ಬೆನ್ನು ತಿರುಗಿಸಿದ ಮೇಲೆ "ವಕ್ಕರಿಸಿದ ನೋಡು ಎಕ್ಸ್‌ರೇ". ವಕೀಲರಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತಿದ್ದರು. ಬೇರೆ ವಕೀಲರಿಗೆಲ್ಲ ಬರೀ ವಕೀಲರು ಅನ್ನೋ ಹೆಸರು, ತಮಗೊಬ್ಬರಿಗೇ ಬಿರುದು ಅನ್ನೋ ಹೆಮ್ಮೆ.

ಉಳಿದವರು ಜಮೀನು, ಪಾಲು, ಬಾಡಿಗೆ ಅಂತ ಕೇಸು ಹುಡುಕುತ್ತಿದ್ದರೆ ಇವರು ಹಿಡಿದದ್ದು ಆಸ್ಪತ್ರೆಯ ತುರ್ತು ವಿಭಾಗವನ್ನ. ಅಲ್ಲಿ ಸರಿಯಾಗಿ ನೋಡಲಿಲ್ಲ, ತಡ ಮಾಡಿದರು, ಕೈಗೆ ಬಂದದ್ದು ಕಾಲಿಗೆ ಕಟ್ಟಿದರು ಅಂತ ಯಾರಾದರೂ ಗೋಳಾಡಿಕೊಂಡು ಬಂದರೆ ಆ ಕೇಸು ಇವರದ್ದು. ಶುರುವಾದದ್ದು ನ್ಯಾಯವಾಗಿಯೇ, ಅದರಲ್ಲಿ ಎರಡು ಮಾತಿಲ್ಲ. ಒಬ್ಬ ಗಾರೆ ಕೆಲಸದವನ ಮುರಿದ ಕೈಗೆ ಬಿಗಿಯಾಗಿ ಪ್ಲಾಸ್ಟರ್ ಹಾಕಿ, ಅವನು ನೋವು ನೋವು ಅಂತ ಬಾಯಿ ಬಡಿದುಕೊಂಡರೂ ಯಾರೂ ತಿರುಗಿ ನೋಡದೆ, ಕೊನೆಗೆ ಆ ಕೈಯನ್ನೇ ತೆಗೆಯಬೇಕಾಯಿತು. ಆ ಕೇಸು ಗೆದ್ದ ದಿನ ವಕೀಲರು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದರು. ಆಗಿನ್ನೂ ಬಿರುದು ಬಂದಿರಲಿಲ್ಲ.

ಬಿರುದು ಬಂದದ್ದು ಅವರ ಪಾಟೀ ಸವಾಲಿನಿಂದ. ಡಾಕ್ಟರನ್ನ ಕಟಕಟೆಗೆ ಹತ್ತಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮದುವೆಮನೆಯಲ್ಲಿ ಬೀಗರನ್ನ ಮಾತಾಡಿಸೋ ಹಾಗೆ ಮೆತ್ತಗೆ ಕೇಳುವರು.

"ಡಾಕ್ಟ್ರೇ, ಹೊಟ್ಟೆ ಮುಟ್ಟಿ ನೋಡಿದೆ ಅಂತೀರಿ. ಸಂತೋಷ. ಮುಟ್ಟಿದ್ದನ್ನ ಸ್ವಲ್ಪ ಕೋರ್ಟಿಗೆ ತೋರಿಸ್ತೀರಾ?"

"ಮುಟ್ಟಿದ್ದನ್ನ... ತೋರ್ಸೋದು ಹೇಗೆ ಸರ್?"

"ಹಾಗಾದ್ರೆ ಎಕ್ಸ್‌ರೇ ಎಲ್ಲಿ?"

ಮುಗೀತು. ಎಂಥೆಂಥ ಡಾಕ್ಟರಿಗೂ ನೀರು ಕುಡಿಸಿದ ಪ್ರಶ್ನೆ ಅದು. ಗೆದ್ದ ಕೇಸಿನಲ್ಲೂ ಕೇಳಿದರು, ಸೋತ ಕೇಸಿನಲ್ಲೂ ಕೇಳಿದರು, ಎಕ್ಸ್‌ರೇಗೂ ಆ ಕಾಯಿಲೆಗೂ ಸಂಬಂಧವೇ ಇಲ್ಲದ ಕಡೆಯೂ ಕೇಳಿದರು. ಪರಿಣಾಮ ಏನಾಯಿತು ಅಂತೀರಾ? ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸೀನಿದವನಿಗೂ ಎಕ್ಸ್‌ರೇ, ಬಿಕ್ಕಳಿಸಿದವನಿಗೂ ಎಕ್ಸ್‌ರೇ. ಬೆರಳಿಗೆ ಉಂಗುರ ಸಿಕ್ಕಿಹಾಕಿಕೊಂಡು ಬಂದವನೊಬ್ಬನ ಎರಡೂ ಕೈ, ಜೊತೆಗೆ ಎದೆ, ಎಲ್ಲದರ ಚಿತ್ರ ತೆಗೆದು ಕಳಿಸಿದರು. ಉಂಗುರ ಬೆರಳಲ್ಲೇ ಇತ್ತು. ಅವನು ಮನೆಗೆ ಹೋಗಿ ಸೋಪು ಹಚ್ಚಿ ತೆಗೆದುಕೊಂಡ.

ಒಂದು ಸಲ ಆಸ್ಪತ್ರೆಯವರೇ ವಕೀಲರನ್ನ ಕರೆಸಿ ಉಪನ್ಯಾಸ ಮಾಡಿಸಿದರು. ಹೆದರಿಕೆ ಹಾಗಿತ್ತು. ವಕೀಲರೂ ಧಾರಾಳವಾಗಿ ಮಾತಾಡಿದರು. "ಕೇಸ್ ಹಾಕಲ್ಲ ಅಂತ ರೋಗಿ ಕಡೆಯವರು ಬರೆದುಕೊಟ್ರೆ ನಂಬಬೇಡಿ. ಆ ಕಾಗದ ತಿಂಡಿ ಕಟ್ಟೋಕೆ ಲಾಯಕ್ಕು ಅಷ್ಟೇ. ಅಂಥ ಹತ್ತು ಕಾಗದ ನಾನೇ ಕೋರ್ಟಲ್ಲಿ ಹರಿದುಹಾಕಿದೀನಿ" ಅಂದರು. ಡಾಕ್ಟರುಗಳು ಬರೆದುಕೊಂಡರು. ಇತ್ತ ತಮ್ಮ ಕಕ್ಷಿದಾರರಿಗೆ ಹೇಳುತ್ತಿದ್ದದ್ದು ಬೇರೆ: "ಏನೇ ಆದ್ರೂ ರೋಗಿ ಪಕ್ಕ ಬಿಟ್ಟು ಕದಲಬೇಡಿ. ಹೊರಗೆ ಹೋಗಿ ಅಂದ್ರೆ ಹೋಗಲೇಬೇಡಿ. ಕಣ್ಣಿಟ್ಟು ಕೂತ್ಕೊಳ್ಳಿ."

ಇಡೀ ಊರಲ್ಲಿ ಇವರಿಗೆ ಕಿಂಚಿತ್ತೂ ಹೆದರದ ಜೀವ ಒಂದೇ, ಅವರ ಅಕ್ಕ.

ಅಕ್ಕ ಹೊಲಿಗೆಯವಳು. ತಾಯಿ ಬೇಗ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ ತುಳಿದು ತುಳಿದೇ ತಮ್ಮನನ್ನ ಓದಿಸಿದಳು, ಕರಿ ಕೋಟೂ ಅವಳೇ ಹೊಲಿದು ಹಾಕಿದಳು. ಮನೆಯ ಮುಂದಿನ ಕೋಣೆ ಅವಳ ಹೊಲಿಗೆ ಅಂಗಡಿ, ಹಿಂದಿನ ಕೋಣೆ ಇವರ ಆಫೀಸು. ಕಕ್ಷಿದಾರರು ಹಿಂದಕ್ಕೆ ಹೋಗಬೇಕಾದರೆ ಅಕ್ಕನನ್ನ ದಾಟಿಯೇ ಹೋಗಬೇಕು. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎಲ್ಲ ವಿಚಾರಿಸಿ, ತೀರ್ಪನ್ನೂ ಕೊಟ್ಟು ಒಳಗೆ ಕಳಿಸುವಳು. "ನಿಮ್ಮದು ಗಟ್ಟಿ ಕೇಸು, ಹೋಗಿ." "ನಿಮ್ಮದರಲ್ಲಿ ಹುರುಳಿಲ್ಲ ಕಣಪ್ಪ, ಆದ್ರೂ ಹೋಗು, ಅವನಿಗೂ ಹೊತ್ತು ಹೋಗಬೇಕಲ್ಲ." ತಮ್ಮನಿಗೆ ಮದುವೆ ಆಗಲಿಲ್ಲ ಅನ್ನೋದು ಅವಳ ದೊಡ್ಡ ಕೊರಗು. ಯಾರಾದರೂ ಯಾಕಾಗಲಿಲ್ಲ ಅಂತ ಕೇಳಿದರೆ, "ಹೆಣ್ಣು ತೋರಿಸೋಕೆ ಕರೆದರೆ ಹೆಣ್ಣಿನ ಅಪ್ಪನಿಗೇ ಪಾಟೀ ಸವಾಲು ಹಾಕಿ ಬಂದ ಮಹಾನುಭಾವ" ಅನ್ನುವಳು.

ಆವತ್ತು ಭಾನುವಾರ ಬೆಳಿಗ್ಗೆ. ಅಟ್ಟದ ಮೇಲಿದ್ದ ಬಟ್ಟೆ ಗಂಟು ಇಳಿಸಿಕೊಡೋ ಅಂತ ಅಕ್ಕ ಕೂಗಿದಳು. ವಕೀಲರು ಫೈಲಿನೊಳಗೆ ಮುಖ ಹುದುಗಿಸಿಕೊಂಡು "ಬಂದೆ" ಅಂದರು. ಮತ್ತೆ ಕೂಗಿದಳು, ಮತ್ತೆ "ಬಂದೆ" ಅಂದರು. ಬರಲಿಲ್ಲ. ಅಕ್ಕನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ತಾನೇ ಸ್ಟೂಲು ಹತ್ತಿದಳು. ಸ್ಟೂಲು ವಾಲಿತು, ಅಕ್ಕ ಬಿದ್ದಳು, ಬೀಳುವಾಗ ಪಕ್ಕೆ ಹೋಗಿ ಮೆಷಿನ್ನಿನ ಮೂಲೆಗೆ ಬಡಿಯಿತು.

ವಕೀಲರು ಓಡಿಬಂದರು. "ಈಗ ಬಂದೆಯಾ? ಬಾ, ನೋಡು, ಚೆನ್ನಾಗಿದೆಯಾ?" ಅಂತ ನೆಲದ ಮೇಲಿಂದಲೇ ಕೇಳಿದಳು ಅಕ್ಕ.

ಕಾರಿನಲ್ಲಿ ದಾರಿಯುದ್ದಕ್ಕೂ ಬೈಗುಳ. ಹಳ್ಳ ನೋಡಿ ಓಡಿಸೋ, ಬ್ರೇಕು ಅನ್ನೋದು ಒಂದು ಇದೆ ಗೊತ್ತಾ, ಕನ್ನಡಕ ಒರೆಸಿಕೋ, ನಿನ್ನ ನಂಬಿ ಗಂಟು ಇಳಿಸೋಕೆ ಕೂತಿದ್ದರೆ ಬಟ್ಟೆ ಫ್ಯಾಶನ್ನೇ ಹಳೇದಾಗಿರೋದು. ವಕೀಲರಿಗೆ ಸಮಾಧಾನವಾಯಿತು. ಇಷ್ಟು ಬೈಯೋಕೆ ಉಸಿರಿದೆ ಅಂದರೆ ಹೆಚ್ಚೇನೂ ಆಗಿಲ್ಲ ಅಂದುಕೊಂಡರು.

ತುರ್ತು ವಿಭಾಗದ ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಇವರ ಮುಖ ಕಂಡದ್ದೇ ತಡ, ಒಳಗೆ ಓಡಿದ. ಗಾಲಿಕುರ್ಚಿ ಬರುವ ಮೊದಲೇ ಸುದ್ದಿ ಒಳಗೆಲ್ಲ ಹಬ್ಬಿತ್ತು. ಒಬ್ಬ ಸಿಸ್ಟರ್ ಟೇಬಲ್ ಒರೆಸತೊಡಗಿದಳು. ಇನ್ನೊಬ್ಬಳು ಒರೆಸಿದ ಟೇಬಲನ್ನೇ ಮತ್ತೆ ಒರೆಸಿದಳು. ಆವತ್ತಿನ ಡ್ಯೂಟಿ ಡಾಕ್ಟರು ಪರದೆ ಸರಿಸಿ ಬಂದವರು ವಕೀಲರನ್ನ ಕಂಡು ಅಲ್ಲೇ ನಿಂತುಬಿಟ್ಟರು.

ಪಾಪ, ಅವರದೂ ಒಂದು ಕಥೆ. ಕೆಲವು ತಿಂಗಳ ಹಿಂದೆ ಒಂದು ಮಗುವಿನ ಹೊಟ್ಟೆನೋವಿನ ಕೇಸಿನಲ್ಲಿ ಇದೇ ವಕೀಲರು ಅವರ ಬೆವರಿಳಿಸಿದ್ದರು. ಡಾಕ್ಟರದ್ದು ಏನೂ ತಪ್ಪಿರಲಿಲ್ಲ, ಕೇಸೂ ಅವರೇ ಗೆದ್ದರು. ಆದರೆ 'ಮುಟ್ಟಿದ್ದನ್ನ ತೋರಿಸಿ' ಅಂದ ಆ ಮಾತು ಅವರ ತಲೆಯಿಂದ ಇಳಿದಿರಲಿಲ್ಲ. ಊಟಕ್ಕೆ ಕೂತಾಗಲೂ ನೆನಪಾಗುತ್ತಂತೆ, ಸ್ನಾನ ಮಾಡುವಾಗಲೂ ನೆನಪಾಗುತ್ತಂತೆ.

"ಏನಪ್ಪಾ ಡಾಕ್ಟ್ರೇ, ಊಟ ಗೀಟ ಮಾಡ್ತೀರೋ ಇಲ್ವೋ? ಕೋಟು ಭುಜದಲ್ಲಿ ಇಷ್ಟೊಂದು ಜೋತಾಡ್ತಿದೆಯಲ್ಲ. ಯಾರು ಹೊಲಿದ ಪುಣ್ಯಾತ್ಮ? ಬಿಚ್ಚಿಕೊಡಿ, ಹೋಗೋ ಹೊತ್ತಿಗೆ ಸರಿ ಮಾಡಿಕೊಡ್ತೀನಿ" ಅಂದಳು ಅಕ್ಕ. ಮಾತಿನ ನಡುವೆ ಎರಡು ಸಲ ನಿಂತು ಉಸಿರೆಳೆದುಕೊಂಡಳು.

ಡಾಕ್ಟರು ನಗಲಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟರು. ಎಡಗಡೆ ಕೇಳಿದರು, ಬಲಗಡೆ ಕೇಳಿದರು, ಮತ್ತೆ ಬಲಗಡೆಯೇ ಕೇಳಿದರು. ಬಲಗಡೆ ಉಸಿರಿನ ಸದ್ದೇ ಇಲ್ಲ. ಬೆರಳಿನಿಂದ ಎದೆಯ ಮೇಲೆ ತಟ್ಟಿದರು, ಖಾಲಿ ಡಬ್ಬ ತಟ್ಟಿದ ಹಾಗೆ ಕೇಳಿಸಿತು. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿ, ಗಾಳಿ ಸೋರಿ ಎದೆಯೊಳಗೆ ತುಂಬಿಕೊಳ್ಳುತ್ತಿತ್ತು. ಒಂದು ಸೂಜಿ ಚುಚ್ಚಿ ಆ ಗಾಳಿ ಹೊರಗೆ ಬಿಟ್ಟರೆ ಬದುಕು, ಬಿಡದಿದ್ದರೆ ಗಾಳಿಯೇ ಶ್ವಾಸಕೋಶವನ್ನೂ ಹೃದಯವನ್ನೂ ಅದುಮಿ ಕೊಲ್ಲುತ್ತೆ. ಇದಕ್ಕೆ ಚಿತ್ರ ಕಾಯಬಾರದು, ಕೈಗೆ ಗೊತ್ತಾದದ್ದನ್ನ ನಂಬಿ ಚುಚ್ಚಬೇಕು ಅಂತ ಡಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕೈ ಟ್ರೇಯಲ್ಲಿದ್ದ ಸೂಜಿಯ ಕಡೆಗೆ ಹೋಯಿತು ಕೂಡ.

ಆಗ ಕಣ್ಣು ವಕೀಲರ ಕಡೆ ಹೊರಳಿತು. ಕೈ ವಾಪಸು ಬಂತು.

"ಮೊದಲು... ಒಂದು ಎಕ್ಸ್‌ರೇ ಮಾಡ್ಸಿಬಿಡೋಣ ಸರ್."

ವಕೀಲರು ತಲೆದೂಗಿದರು. ಭೇಷ್, ಪಾಠ ಕಲಿತಿದ್ದಾರೆ ಅಂದುಕೊಂಡರು. ನಿಜಕ್ಕೂ ಹಾಗೇ ಅಂದುಕೊಂಡರು, ನೋಡಿ, ಮನುಷ್ಯನ ಬುದ್ಧಿ!

ಎಕ್ಸ್‌ರೇ ಕೋಣೆಯ ಮುಂದೆ ಸಾಲು. ಸೀನಿದವರು, ಬಿಕ್ಕಳಿಸಿದವರು, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡವರು. ಒಬ್ಬಳ ತಲೆಯಲ್ಲಿ ಬಾಚಣಿಗೆ ಸಿಕ್ಕಿತ್ತು, ಅವಳ ತಲೆಬುರುಡೆಯ ಚಿತ್ರ ತೆಗೆಯುತ್ತಿದ್ದರು. ಹಾಸಿಗೆ ಹತ್ತಿರಕ್ಕೇ ತಳ್ಳಿಕೊಂಡು ಬರುವ ಎಕ್ಸ್‌ರೇ ಯಂತ್ರ ಮೇಲಿನ ಮಹಡಿಗೆ ಹೋಗಿತ್ತು. ಅಲ್ಲಿಯೂ ಯಾರೋ ಸೀನಿದ್ದರು.

ಡಾಕ್ಟರು ಎದೆ ರೋಗದ ದೊಡ್ಡ ಡಾಕ್ಟರಿಗೆ ಫೋನು ಮಾಡಿದರು. ಅವರು ಹೊರಟಿದ್ದೇನೆ ಅಂದರು, ಆದರೆ 'ವಕೀಲರ ಅಕ್ಕ' ಅಂತ ಕೇಳಿದ ಮೇಲೆ ದಾರಿಯಲ್ಲಿ ಟ್ರಾಫಿಕ್ ಜಾಸ್ತಿಯಾಯಿತಂತೆ. ಆಸ್ಪತ್ರೆಯ ಸೂಪರಿಂಟೆಂಡೆಂಟರು ಮನೆ ಚಪ್ಪಲಿಯಲ್ಲೇ ಓಡಿಬಂದು, "ಸರ್, ಕಾಫಿ?" ಅಂದರು. ಒಬ್ಬ ಸಿಸ್ಟರ್ ನಾಡಿ ನೋಡಿ ಬರೆದಳು, ಇನ್ನೊಬ್ಬಳು ಅವಳು ನೋಡಿದ್ದನ್ನ ನೋಡಿದೆ ಅಂತ ಬರೆದಳು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. ಮಾಡಬೇಕಾದದ್ದೆಲ್ಲ ಆಗುತ್ತಿತ್ತು, ಮಾಡಲೇಬೇಕಾದ ಒಂದನ್ನ ಬಿಟ್ಟು.

ಅಷ್ಟರಲ್ಲಿ ಅಕ್ಕನ ಬೈಗುಳ ಮೋಟಾಗುತ್ತಾ ಬಂತು. ಮೊದಲು ಉದ್ದುದ್ದ ಇತ್ತು. "ಆ ಮನುಷ್ಯ ಯಾಕೋ ಮನೆ ಚಪ್ಪಲೀಲಿ ಬಂದಿದಾರೆ?" ಆಮೇಲೆ, "ಕಾಫಿ... ಬೇಡ ಅನ್ನು." ಆಮೇಲೆ ಬರೀ "ಲೋ". ವಕೀಲರು ಬಗ್ಗಿ "ಏನಕ್ಕಾ?" ಅಂದರೆ ಉತ್ತರ ಇಲ್ಲ, ಕೈಯಲ್ಲೇ ಏನೋ ಸನ್ನೆ. ಕತ್ತಿನ ನರಗಳು ಉಬ್ಬಿಕೊಂಡಿದ್ದವು. ತುಟಿಯ ಬಣ್ಣ ಬೇರೆಯಾಗುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಬೈಗುಳ ನಿಂತುಹೋದಾಗ ವಕೀಲರ ಜೀವ ಬಾಯಿಗೆ ಬಂತು.

"ಡಾಕ್ಟ್ರೇ, ಏನಾದ್ರೂ ಮಾಡ್ರೀ!"

"ಎಕ್ಸ್‌ರೇ ಬರ್ತಾ ಇದೆ ಸರ್."

"ಎಕ್ಸ್‌ರೇ ಮನೆ ಹಾಳಾಗ! ನಿಮಗೆ ಏನು ಅನ್ಸುತ್ತೋ ಅದನ್ನ ಮಾಡಿ!"

"ಅನ್ಸಿದ್ದನ್ನ ಆಮೇಲೆ ತೋರ್ಸೋದು ಹೇಗೆ ಸರ್?" ಅಂದರು ಡಾಕ್ಟರು. ಕುಹಕಕ್ಕೆ ಅಂದದ್ದಲ್ಲ.

"ನಾನು ಕೇಸ್ ಹಾಕಲ್ಲ ಕಣ್ರೀ! ಬರೆದುಕೊಡ್ತೀನಿ, ಕಾಗದ ಕೊಡಿ! ರುಜು ಮಾಡ್ತೀನಿ!"

ಸೂಪರಿಂಟೆಂಡೆಂಟರು ಕೈ ಹಿಸುಕಿಕೊಂಡು ಹೇಳಿದರು: "ಅಂಥ ಕಾಗದ ತಿಂಡಿ ಕಟ್ಟೋಕೆ ಲಾಯಕ್ಕು ಅಂತ ತಾವೇ ಅಪ್ಪಣೆ ಕೊಡ್ಸಿದ್ರಲ್ಲ ಸರ್."

ವಕೀಲರು ಕಾಗದಕ್ಕೆ ಚಾಚಿದ್ದ ಕೈ ಇಳಿಸಿದರು.

ಸುತ್ತ ನೋಡಿದರು. ಹಾಸಿಗೆಯ ಸುತ್ತ ಅಷ್ಟು ಜನ ನಿಂತಿದ್ದಾರಲ್ಲ, ಡಾಕ್ಟರು, ಸಿಸ್ಟರುಗಳು, ಮನೆ ಚಪ್ಪಲಿಯ ಸೂಪರಿಂಟೆಂಡೆಂಟರು, ಎಲ್ಲರ ಮುಖವೂ ತಮ್ಮ ಕಡೆಗಿದೆ. ಒಬ್ಬರೂ ಅಕ್ಕನ ಕಡೆ ನೋಡುತ್ತಿಲ್ಲ. ಸಾಯುತ್ತಿರುವವಳು ಅಲ್ಲಿ, ಇವರೆಲ್ಲ ಕಾಯುತ್ತಿರುವುದು ನನ್ನನ್ನ.

ರೋಗಿಯ ಪಕ್ಕ ಬಿಡಬೇಡಿ ಅಂತ ಊರಿಗೆಲ್ಲ ಹೇಳಿದ ಮನುಷ್ಯ. ಅಕ್ಕನ ಕೈ ಅವರ ಅಂಗಿಯ ತುದಿ ಹಿಡಿದಿತ್ತು. ಆ ಬೆರಳುಗಳನ್ನ ಒಂದೊಂದಾಗಿ ಬಿಡಿಸಿದರು. ಹಿಡಿತ ಎಷ್ಟು ಸಡಿಲವಾಗಿತ್ತೆಂದರೆ ಅದನ್ನ ನೋಡಿಯೇ ಅವರಿಗೆ ಅಳು ಬಂತು.

"ನಾನು ಹೊರಗೆ ಹೋಗ್ತೀನಿ" ಅಂದರು. "ಬಾಗಿಲು ಹಾಕ್ಕೊಳ್ಳಿ. ನಾನು ಏನೂ ನೋಡಲ್ಲ. ಡಾಕ್ಟ್ರೇ, ಇವಳ ಕಡೆ ನೋಡ್ರೀ, ನನ್ನ ಕಡೆ ಅಲ್ಲ."

ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಕೂರಲಾಗಲಿಲ್ಲ, ನಿಂತರು. ನಿಲ್ಲಲಾಗಲಿಲ್ಲ, ಕೂತರು. ಪಕ್ಕದಲ್ಲಿ ಹಾಲಿನ ಬಾಟಲಿ ಹಿಡಿದುಕೊಂಡಿದ್ದ ಹೆಂಗಸು ಕನಿಕರದಿಂದ ಕೇಳಿದಳು.

"ನಿಮ್ಮ ಕಡೆಯವರು ಒಳಗಿದಾರಾ ಅಣ್ಣಾ?"

"ಹೂಂ. ನಮ್ಮಕ್ಕ."

"ಅಯ್ಯೋ, ಮತ್ತೆ ಹೊರಗೆ ಯಾಕೆ ಬಂದ್ರಿ? ಬರಬಾರದಂತೆ. ಬಾಗಿಲು ಹಾಕಿ ಏನು ಬೇಕಾದ್ರೂ ಮಾಡ್ತಾರಂತೆ. ಯಾರೋ ಒಬ್ರು ದೊಡ್ಡ ವಕೀಲರು ಹೇಳಿದಾರಂತೆ."

"ಆ ವಕೀಲನಿಗೆ ಏನೂ ಗೊತ್ತಿಲ್ಲಮ್ಮ" ಅಂದರು ವಕೀಲರು. "ಅವನೊಬ್ಬ ಪೆದ್ದ."

"ಛೆ, ಹಾಗನ್ಬೇಡಿ. ಬಹಳ ಬುದ್ಧಿವಂತರಂತೆ."

ಒಳಗೆ ಏನೋ ಟ್ರೇ ಸದ್ದು. ಯಾರೋ "ಇಲ್ಲ, ಬರ್ತಿಲ್ಲ" ಅಂದದ್ದು ಕೇಳಿಸಿತು. ವಕೀಲರು ಎದ್ದು ಬಾಗಿಲಿಗೆ ಕೈ ಹಾಕಿದರು, ಕೈ ಹಿಂದಕ್ಕೆಳೆದುಕೊಂಡರು, ಆ ಕೈಯನ್ನ ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಗೋಡೆಗೆ ಒರಗಿದರು. ಹೀಗೆ ಗೋಡೆಗೆ ಒರಗಿದವರ ಬಾಯಿಂದ ಎಷ್ಟೋ ಕೇಸು ಬರೆದುಕೊಂಡಿದ್ದರು. ಗೋಡೆ ಇಷ್ಟು ತಣ್ಣಗಿರುತ್ತೆ ಅಂತ ಅವರಲ್ಲಿ ಯಾರೂ ಹೇಳಿರಲಿಲ್ಲ.

ಆಮೇಲೆ ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ ಸುಂಯ್ ಅಂತ ಒಂದು ಸದ್ದು. ಅದರ ಹಿಂದೆಯೇ ಒಂದು ದೊಡ್ಡ ಉಸಿರು. ಆ ಉಸಿರಿನ ಹಿಂದೆ, ಇಡೀ ಕಾರಿಡಾರಿಗೆ ಕೇಳೋ ಹಾಗೆ:

"ಯಾವ ಬೇವಾರ್ಸಿ ಕಣ್ರೋ ನನ್ನ ರವಿಕೆ ಕತ್ತರಿಸಿದ್ದು? ಹೊಲಿಗೆ ನೋಡ್ಕೊಂಡು ಬಿಚ್ಚೋಕೆ ಬರ್ತಿರಲಿಲ್ವಾ?"

ವಕೀಲರು ಗೋಡೆಗೆ ಒರಗಿದ್ದವರು ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟರು. ಹಾಲಿನ ಬಾಟಲಿಯ ಹೆಂಗಸು ಗಾಬರಿಯಾಗಿ, "ಯಾರಾದ್ರೂ ಬನ್ರೀ, ಇವರಿಗೂ ಒಂದು ಎಕ್ಸ್‌ರೇ ತೆಗೀರಿ" ಅಂತ ಕೂಗಿದಳು.

ಎದೆಗೆ ಕೊಳವೆ ಹಾಕಿ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಡಾಕ್ಟರು ಹೊರಗೆ ಬಂದರು. ಮುಖ ಸುಣ್ಣದ ಹಾಗಿತ್ತು. ವಕೀಲರ ಎದುರು ನೆಟ್ಟಗೆ ನಿಂತರು.

"ಸರ್, ನಿಮ್ಮಕ್ಕ ಉಳ್ಕೊಂಡ್ರು. ಇನ್ನು ಎರಡು ಮಾತು ಹೇಳ್ಬೇಕು. ಮೊದಲನೇ ಸಲ ಸೂಜಿ ಸರಿ ಬೀಳಲಿಲ್ಲ, ಎರಡನೇ ಸಲ ಹಾಕ್ಬೇಕಾಯ್ತು. ಆ ಜಾಗ ಕಂದುತ್ತೆ, ನೋಯುತ್ತೆ."

"ಇನ್ನೊಂದು?"

"ಅವರ ಎದೆ ಮುಟ್ಟಿದ ತಕ್ಷಣ ನನಗೆ ಗೊತ್ತಾಗಿತ್ತು ಸರ್. ಆಗಲೇ ಚುಚ್ಚಬೇಕಿತ್ತು. ನಿಮ್ಮನ್ನ ನೋಡಿ ಹೆದರಿದೆ. ಹೆದರಿ ಕಾದೆ. ಇನ್ನು ಸ್ವಲ್ಪ ಕಾದಿದ್ರೆ ಹೋಗಿಬಿಡ್ತಿದ್ರು. ಅದು ನನ್ನ ತಪ್ಪು."

ಪಕ್ಕದಲ್ಲಿದ್ದ ಸೂಪರಿಂಟೆಂಡೆಂಟರು ಅವರ ಕೋಟಿನ ತೋಳು ಹಿಡಿದು ಜಗ್ಗುತ್ತಲೇ ಇದ್ದರು. ಜಗ್ಗಿದಷ್ಟೂ ಡಾಕ್ಟರ ಮಾತು ಹೆಚ್ಚು ಸ್ಪಷ್ಟವಾಯಿತು.

ಅಭ್ಯಾಸ ಬಲ, ವಕೀಲರ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಗೊತ್ತಿದ್ದೂ ತಡ ಮಾಡಿದ್ದಾರೆ. ತಡ ಮಾಡಿದ್ದನ್ನ ತಾವೇ ಒಪ್ಪಿಕೊಂಡಿದ್ದಾರೆ. ಸಾಕ್ಷಿಗೆ ಆಸ್ಪತ್ರೆ ತುಂಬ ಜನ. ಇಂಥ ಗಟ್ಟಿ ಕೇಸು ಅವರ ಜನ್ಮದಲ್ಲಿ ಸಿಕ್ಕಿರಲಿಲ್ಲ. ತಡ ಆದದ್ದು ಯಾಕೆ ಅನ್ನೋ ಕಡೆಗೆ ಬಂದಾಗ ಆ ತಲೆ ಸುಮ್ಮನಾಯಿತು. ಅವರು ಡಾಕ್ಟರ ಎರಡೂ ಕೈ ಹಿಡಿದುಕೊಂಡರು.

ಸಂಜೆ ವಾರ್ಡಿನಲ್ಲಿ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಪಕ್ಕೆಯಿಂದ ಕೊಳವೆ, ಕೊಳವೆಯ ತುದಿಗೆ ಬಾಟಲಿ. ಮಾತಾಡಿದರೆ ನೋಯುತ್ತಿತ್ತು, ಆದರೂ ಮಾತಾಡುತ್ತಿದ್ದಳು. ಪರದೆಯ ಅಂಚು ಸೊಟ್ಟ ಹೊಲಿದಿದ್ದಾರೆ, ಆ ಸಿಸ್ಟರ್ ಹುಡುಗಿಗೆ ಸೊಂಟದಲ್ಲಿ ಬಟ್ಟೆ ಬಿಗಿ, ನೀನು ಮಧ್ಯಾಹ್ನ ಊಟ ಮಾಡಿದೆಯಾ. ವಕೀಲರು ಎಲ್ಲದಕ್ಕೂ ಹೂಂ ಅನ್ನುತ್ತಾ ಅವಳ ಕೈಯನ್ನ ತಮ್ಮ ಎರಡು ಕೈಯಲ್ಲಿ ಇಟ್ಟುಕೊಂಡು ಕೂತಿದ್ದರು. ಬಿಡಿಸಿಕೊಳ್ಳೋಕೆ ನೋಡಿದರೂ ಬಿಡಲಿಲ್ಲ.

ಆಮೇಲೆ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು.

"ಅಲ್ವೋ, ಒಂದು ಹೇಳು. ನನಗೆ ಎಲ್ಲ ಕಾಣ್ತಾ ಇತ್ತು. ಆ ಡಾಕ್ಟ್ರು ಒಳ್ಳೆಯವರು. ಸೂಜಿ ಅಲ್ಲೇ ಇತ್ತು. ನಾನು ಉಸಿರಿಗೆ ಒದ್ದಾಡ್ತಾ ಇದೀನಿ, ಅಷ್ಟು ಹೊತ್ತು ಒಬ್ರೂ ಯಾಕೆ ಮುಟ್ಟಲಿಲ್ಲ?"

ಯಂತ್ರ ಇರಲಿಲ್ಲ ಅನ್ನಬಹುದಿತ್ತು. ದೊಡ್ಡ ಡಾಕ್ಟರು ಬರಬೇಕಿತ್ತು ಅನ್ನಬಹುದಿತ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡೋದರಲ್ಲಿ ಅವರನ್ನ ಮೀರಿಸಿದವರಿರಲಿಲ್ಲ.

"ನಾನಿದ್ದೆ ಅಂತ, ಅಕ್ಕಾ" ಅಂದರು ವಕೀಲರು.

ಅಕ್ಕ ತಮ್ಮನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ.

"ಮತ್ತೆ ಹೊರಗೆ ಹೋಗೋಕೆ ಅಷ್ಟು ಹೊತ್ತು ಬೇಕಾಯ್ತೇನೋ ನಿನಗೆ?" ಅಂದಳು.